ರಾಗಿ ಹುಲ್ಲಿನ ಬಣವೆ ಕೆಡದಂತೆ ಒಟ್ಟುವುದು ಹೇಗೆ: ಕೊಯ್ಲಿನಿಂದ ಮುಂದಿನ ಮುಂಗಾರಿನವರೆಗೆ

ಸಂಕ್ರಾಂತಿ ಕಳೆದು ಹುಲ್ಲು ಹಿರಿಯಲು ಹೋಗುತ್ತೀರಿ. ಹೊರಗಿನಿಂದ ಬಣವೆ ಚೆನ್ನಾಗಿಯೇ ಇರುತ್ತದೆ. ಒಂದು ಮೊಳ ಒಳಗೆ ಕೈ ಹಾಕಿದರೆ ಹುಲ್ಲು ಕಪ್ಪು. ಕೊಡವಿದರೆ ಬೂದಿಯಂಥ ಧೂಳು ಏಳುತ್ತದೆ. ಹಸು ಒಮ್ಮೆ ಮೂಸಿ ಮುಖ ತಿರುಗಿಸುತ್ತದೆ.

ಪ್ರತಿ ವರ್ಷ ಇದೇ ಮಾತನ್ನು ಹತ್ತಾರು ಜನರ ಬಾಯಲ್ಲಿ ಕೇಳುತ್ತೇನೆ. ಪಟ್ಟಣದಿಂದ ವಾಪಸ್ ಬಂದು ಜಮೀನು ಹಿಡಿದವರು ಮಾತ್ರ ಅಲ್ಲ, ಊರಲ್ಲೇ ಬೆಳೆದ ಹುಡುಗರೂ ಎಡವುತ್ತಿದ್ದಾರೆ. ಬಹುತೇಕ ಎಲ್ಲರ ತಪ್ಪೂ ಮೂರೇ: ಹಸಿ ಇರುವಾಗಲೇ ಒಟ್ಟಿದ್ದು, ನಡು ಟೊಳ್ಳು ಬಿಟ್ಟಿದ್ದು, ಟಾರ್ಪಾಲನ್ನು ನೆಲದವರೆಗೂ ಸುತ್ತಿದ್ದು. ತಪ್ಪು ನಡೆಯುವುದು ನವೆಂಬರ್‌ನಲ್ಲಿ, ಗೊತ್ತಾಗುವುದು ಜನವರಿಯಲ್ಲಿ. ಅಷ್ಟೊತ್ತಿಗೆ ಮಾಡಲು ಏನೂ ಉಳಿದಿರಲ್ಲ.

ಇಲ್ಲಿ ಹೇಳುವುದು ತುಮಕೂರು, ಹಾಸನ, ಮಂಡ್ಯ ಕಡೆಯ ರಾಗಿ ಹೊಲದ ಪದ್ಧತಿ. ಬಣವೆಗೆ ಕೆಲವು ಕಡೆ ಮೆದೆ ಅಂತಾರೆ, ಉತ್ತರದಲ್ಲಿ ಬಣವಿ, ಮಲೆನಾಡಿನಲ್ಲಿ ಗೊಣಬೆ, ಕುಂದಾಪುರದ ಕಡೆ ಕುತ್ರಿ. ಹೆಸರು ಏನೇ ಇರಲಿ, ನೀರು ಮತ್ತು ಕಾವು ಎಲ್ಲ ಕಡೆ ಒಂದೇ ರೀತಿ ಕೆಲಸ ಮಾಡುತ್ತವೆ. ಭತ್ತದ ಹುಲ್ಲಿಗೂ ಈ ಕ್ರಮವೇ ಸಾಕು.

## ಮೊದಲು ಸ್ವಲ್ಪ ಲೆಕ್ಕ

ಹಸಿರು ಮೇವು ಸ್ವಲ್ಪ ಸಿಗುವ ಮನೆಯಲ್ಲೂ ಒಂದು ಹಸುವಿಗೆ ದಿನಕ್ಕೆ 5ರಿಂದ 6 ಕೆಜಿ ಒಣಹುಲ್ಲು ಬೇಕು. ಜನವರಿಯಿಂದ ಜೂನ್‌ವರೆಗೆ 180 ದಿನ ಅಂದುಕೊಳ್ಳಿ. ಒಂದು ಹಸುವಿಗೆ ಸುಮಾರು ಒಂದು ಟನ್ ಆಯಿತು. ಎರಡು ಹಸು, ಒಂದು ಕರು ಇದ್ದರೆ ಎರಡೂವರೆ ಟನ್ ಹತ್ತಿರ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. 10 ಅಡಿ ಅಡ್ಡಳತೆಯ ದುಂಡು ಬಣವೆ ಇದೆ ಅನ್ನಿ. ಸುತ್ತಲೂ ಒಂದೇ ಒಂದು ಅಡಿ ಹುಲ್ಲು ಕೆಟ್ಟರೆ ಎಷ್ಟು ಹೋಯಿತು? ನೋಡುವವರಿಗೆ ಸ್ವಲ್ಪ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ನೂರಕ್ಕೆ 36 ಪಾಲು. ಅಂದರೆ ಎರಡು ತಿಂಗಳ ಮೇವು ತಿಪ್ಪೆಗೆ. ಏಪ್ರಿಲ್‌ನಲ್ಲಿ ಅದನ್ನು ದುಡ್ಡು ಕೊಟ್ಟು ತರಬೇಕಾಗುತ್ತದೆ.

## ಬೇಕಾದ ಸಾಮಾನು

ಕುಡುಗೋಲು, ಕವೆಗೋಲು, ಗಟ್ಟಿ ಏಣಿ, ನಾರಿನ ಹಗ್ಗ, ಹಗ್ಗದ ತುದಿಗೆ ಕಟ್ಟಲು ಒಂದು ಹಿಡಿ ಗಾತ್ರದ ಕಲ್ಲುಗಳು. ತಳಕ್ಕೆ ದಿಂಡುಗಲ್ಲು ಅಥವಾ ಸೈಜುಗಲ್ಲು, ಮೇಲೆ ಹಾಸಲು ತೊಗರಿ ಕಟ್ಟಿಗೆ, ಹರಳು ಕಡ್ಡಿ ಇಲ್ಲವೇ ತೆಂಗಿನ ಗರಿ. ಒಂದು ಟಾರ್ಪಾಲು. ಒಂದು ಉದ್ದನೆಯ ಹಾರೆ. ಹಾರೆ ಯಾಕೆ ಅಂತ ಮುಂದೆ ಗೊತ್ತಾಗುತ್ತದೆ, ಅದನ್ನು ಮಾತ್ರ ಮರೆಯಬೇಡಿ.

ಕೈಗೆ ಎರಡು ಜನ ಬೇಕೇಬೇಕು. ಒಬ್ಬರು ಮೇಲೆ, ಒಬ್ಬರು ಕೆಳಗೆ. ಮೂವರಿದ್ದರೆ ಕೆಲಸ ಸಲೀಸು.

## 1. ಕೊಯ್ಲಿಗೆ ಮುಂಚೆಯೇ ಜಾಗ ಗೊತ್ತು ಮಾಡಿ

ಹುಲ್ಲು ಗಾಡಿಯಲ್ಲಿ ಬಂದು ನಿಂತ ಮೇಲೆ ಜಾಗ ಹುಡುಕುವವರೇ ಜಾಸ್ತಿ. ಆಗ ಎಲ್ಲಿ ಖಾಲಿ ಇದೆಯೋ ಅಲ್ಲೇ ಸುರಿಯುತ್ತಾರೆ. ಕೊಯ್ಲಿಗೆ ಒಂದು ವಾರ ಮುಂಚೆ ಈ ಕೆಲಸ ಮುಗಿಸಿ.

ನೆಲ ಸುತ್ತಲಿನದಕ್ಕಿಂತ ಎತ್ತರದಲ್ಲಿರಬೇಕು. ಮರದ ಕೆಳಗೆ ಬೇಡ. ಮಳೆ ನಿಂತ ಮೇಲೂ ಮರ ಗಂಟೆಗಟ್ಟಲೆ ತೊಟ್ಟಿಕ್ಕುತ್ತದೆ, ಬಿಸಿಲೂ ಬೀಳಲ್ಲ. ವಿದ್ಯುತ್ ತಂತಿಯ ಕೆಳಗೆ ಯಾವ ಕಾರಣಕ್ಕೂ ಬೇಡ. ಗಾಳಿಗೆ ಎರಡು ತಂತಿ ತಗುಲಿ ಒಂದು ಕಿಡಿ ಬಿದ್ದರೆ ಮುಗಿಯಿತು.

ಮನೆಯಿಂದ, ಕೊಟ್ಟಿಗೆಯಿಂದ, ಸ್ನಾನದ ಹಂಡೆ ಒಲೆಯಿಂದ ಕನಿಷ್ಠ 40 ಅಡಿ ದೂರ ಇರಲಿ. ಚಳಿಗಾಲದಲ್ಲಿ ಬೆಳಗ್ಗೆ ಎದ್ದ ಕೂಡಲೇ ತರಗೆಲೆ ಗುಡ್ಡೆ ಮಾಡಿ ಬೆಂಕಿ ಕಾಯಿಸುತ್ತೇವಲ್ಲ, ಆ ಜಾಗದಿಂದಲೂ ಅಷ್ಟೇ ದೂರ. ನವೆಂಬರ್, ಡಿಸೆಂಬರ್‌ನಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ಮೂಡಲಿಂದ ಬೀಸುತ್ತದೆ. ಹಾಗಾಗಿ ಒಲೆಯ ಪಡುವಲ ದಿಕ್ಕಿಗೆ ಬಣವೆ ಬಾರದಂತೆ ನೋಡಿಕೊಳ್ಳಿ. ಉದ್ದನೆಯ ಬಣವೆ ಹಾಕುವವರು ಅದನ್ನು ಮೂಡಲು-ಪಡುವಲಾಗಿ ಹಾಕಿ. ಆಗ ಗಾಳಿ, ಎರಚಲು ಎರಡೂ ಕಿರಿದಾದ ಬದಿಗೆ ಹೊಡೆಯುತ್ತವೆ.

## 2. ತಳ ಎತ್ತರಿಸಿ, ಚರಂಡಿ ತೆಗೆಯಿರಿ

ಬರೀ ನೆಲದ ಮೇಲೆ ಒಟ್ಟಿದರೆ ಕೆಳಗಿನ ಒಂದು ಅಡಿ ಹುಲ್ಲು ನಿಮ್ಮದಲ್ಲ. ನೆಲದ ತೇವ ಒಂದು ಕಡೆ, ಗೆದ್ದಲು ಇನ್ನೊಂದು ಕಡೆ.

ಒಂದು ಅಡಿ ಎತ್ತರಕ್ಕೆ ಕಲ್ಲು ಸಾಲು ಇಡಿ. ಅದರ ಮೇಲೆ ಅಡ್ಡ ಮರದ ತುಂಡು ಅಥವಾ ಹಳೇ ಬಿದಿರು. ಮರದ ತುಂಡು ಮಣ್ಣಿಗೆ ತಾಗಬಾರದು. ತಾಗಿದರೆ ಗೆದ್ದಲಿಗೆ ನೀವೇ ಏಣಿ ಹಾಕಿ ಕೊಟ್ಟಂತೆ. ಮೇಲೆ ತೊಗರಿ ಕಟ್ಟಿಗೆಯನ್ನು ಒಂದು ಗೇಣು ದಪ್ಪ ಹರಡಿ. ಕಟ್ಟಿಗೆಯ ಸಂದಿಯಲ್ಲಿ ಗಾಳಿ ಆಡುತ್ತದೆ, ಅದೇ ಇಡೀ ಬಣವೆಯ ಉಸಿರು.

ಸುತ್ತಲೂ ಒಂದು ಗೇಣು ಆಳ, ಒಂದು ಗೇಣು ಅಗಲದ ಚರಂಡಿ ತೆಗೆಯಿರಿ. ಮಣ್ಣನ್ನು ಒಳಗಡೆಗೆ, ಬಣವೆಯ ಕಡೆಗೆ ಹಾಕಿ. ಚರಂಡಿಯ ನೀರು ಎಲ್ಲಿಗೆ ಹೋಗುತ್ತದೆ ಅಂತ ಒಂದು ಬಿಂದಿಗೆ ನೀರು ಸುರಿದು ನೋಡಿ. ಚರಂಡಿ ತೆಗೆದು ಅದಕ್ಕೆ ದಾರಿ ಬಿಡದೆ ಬಣವೆ ಸುತ್ತ ಕೆರೆ ಮಾಡಿಕೊಂಡವರನ್ನು ನೋಡಿದ್ದೇನೆ.

## 3. ಕೊಯ್ದು ಅರಿ ಹಾಕುವುದು

ತೆನೆ ಕಂದು ಬಣ್ಣಕ್ಕೆ ತಿರುಗಿ, ಅಂಗೈಯಲ್ಲಿ ಉಜ್ಜಿದರೆ ಕಾಳು ಬಿಡುವ ಹೊತ್ತಿಗೆ ಕೊಯ್ಯಿರಿ. ಜಿಪಿಯು-28 ತಳಿ ಹಾಕಿದವರಿಗೆ 110–115 ದಿನಕ್ಕೆ ಬರುತ್ತದೆ, ಎಂಆರ್-6 ಇನ್ನೂ ಒಂದೆರಡು ವಾರ ತಡ. ಬುಡಕ್ಕೆ ಹತ್ತಿರ ಕೊಯ್ದರೆ ಹುಲ್ಲು ಜಾಸ್ತಿ ಸಿಗುತ್ತದೆ. ಆದರೆ ಬುಡವೇ ಕೊನೆಗೆ ಒಣಗುವ ಭಾಗ ಅನ್ನುವುದು ನೆನಪಿರಲಿ.

ಕೊಯ್ದದ್ದನ್ನು ನೆಲದ ಮೇಲೆ ಸಾಲಾಗಿ, ತೆಳುವಾಗಿ ಅರಿ ಹಾಕಿ. ದಪ್ಪ ಅರಿ ಹಾಕಿದರೆ ಮೇಲಿನದು ಗರಿಗರಿ, ಕೆಳಗಿನದು ಹಸಿ. ಬಿಸಿಲು ಚೆನ್ನಾಗಿದ್ದರೆ 3ರಿಂದ 4 ದಿನ ಬಿಡಿ. ಎರಡನೇ ದಿನ ಮಧ್ಯಾಹ್ನ ಒಂದು ಸಲ ಮಗ್ಗುಲು ಬದಲಿಸಿ. ಮೋಡ ಇದ್ದರೆ ದಿನ ಲೆಕ್ಕ ಬಿಟ್ಟುಬಿಡಿ, ಹುಲ್ಲನ್ನೇ ಕೇಳಬೇಕು.

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಮ್ಮ ಹೊಲದಲ್ಲಿ ಮಳೆ. 2021ರ ನವೆಂಬರ್ ಮಳೆಯನ್ನು ಯಾರೂ ಮರೆತಿಲ್ಲ. 2024ರಲ್ಲಿ ನವೆಂಬರ್ 30ಕ್ಕೆ ಪುದುಚೇರಿ ಹತ್ತಿರ ದಡ ಹತ್ತಿದ ಫೆಂಗಲ್ ಚಂಡಮಾರುತ ಡಿಸೆಂಬರ್ ಮೊದಲ ದಿನಗಳಲ್ಲಿ ಇಲ್ಲಿಯವರೆಗೂ ಮಳೆ ಸುರಿಸಿತು. ಆದ್ದರಿಂದ ಕೊಯ್ಲಿಗೆ ಕುಡುಗೋಲು ಹಿಡಿಯುವ ಮುಂಚೆ ಮುಂದಿನ ಐದು ದಿನದ ಹವಾಮಾನ ಮುನ್ಸೂಚನೆ ನೋಡಿ. ಕೊಲ್ಲಿಯಲ್ಲಿ ಏನಾದರೂ ಎದ್ದಿದೆ ಅಂದರೆ ತಡೆಯಿರಿ. ಕೊಯ್ದು ನೆಲದಲ್ಲಿ ಮಲಗಿಸಿದ ರಾಗಿಗಿಂತ ನಿಂತ ರಾಗಿ ಮಳೆ ತಡೆಯುತ್ತದೆ.

ಅರಿ ಮೇಲೆ ಮಳೆ ಬಿದ್ದೇಬಿಟ್ಟರೆ? ಗಾಬರಿಯಲ್ಲಿ ಗುಡ್ಡೆ ಹಾಕಿ ಮುಚ್ಚಬೇಡಿ. ಎಲ್ಲರೂ ಮಾಡುವುದು ಅದನ್ನೇ, ಎಲ್ಲ ಹಾಳಾಗುವುದೂ ಅಲ್ಲೇ. ಒದ್ದೆ ರಾಗಿ ಗುಡ್ಡೆಯಲ್ಲಿ ಕಾವು ಏರಿ ಎರಡು ಮೂರು ದಿನಕ್ಕೆ ತೆನೆಯಲ್ಲೇ ಮೊಳಕೆ ಒಡೆಯುತ್ತದೆ. ಮಳೆ ನಿಂತ ಕೂಡಲೇ ಸಣ್ಣ ಸಣ್ಣ ಹಿಡಿ ಮಾಡಿ, ತೆನೆ ಮೇಲಾಗಿ, ಮೂರು ನಾಲ್ಕನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿ. ಗಾಳಿ ಆಡಲಿ. ಬದುವಿನ ಮೇಲೆ, ಬೇಲಿಯ ಮೇಲೆ, ಎಲ್ಲಿ ಆಗುತ್ತದೋ ಅಲ್ಲಿ ಹರಡಿ.

## 4. ಒಣಗಿದೆಯಾ? ಕಣ್ಣಿನ ಮಾತು ಕೇಳಬೇಡಿ

ರಾಗಿ ಕಡ್ಡಿ ದಪ್ಪ. ಎಲೆ ಒಣಗಿ ಪುಡಿಯಾಗುತ್ತಿದ್ದರೂ ಗಿಣ್ಣಿನಲ್ಲಿ ನೀರು ಕೂತಿರುತ್ತದೆ. ಎಲೆ ನೋಡಿ ಒಣಗಿದೆ ಅಂದುಕೊಂಡು ಮೋಸ ಹೋಗುವುದೇ ಇಲ್ಲಿ. ನಾನು ಮೂರು ರೀತಿ ನೋಡುತ್ತೇನೆ.

ಮೊದಲನೆಯದು ಉಗುರು. ಅರಿಯ ಅಡಿಯಿಂದ ಹತ್ತು ಕಡ್ಡಿ ಎಳೆದುಕೊಳ್ಳಿ, ಮೇಲಿನಿಂದ ಅಲ್ಲ. ಬುಡದಿಂದ ಎರಡನೇ ಗಿಣ್ಣಿಗೆ ಉಗುರು ಒತ್ತಿ. ಉಗುರು ಒಳಗೆ ಇಳಿದರೆ, ಪಸೆ ಕಂಡರೆ ಇನ್ನೂ ಆಗಿಲ್ಲ.

ಎರಡನೆಯದು ತಿರುಚುವುದು. ಒಂದು ಹಿಡಿ ಹುಲ್ಲನ್ನು ಎರಡು ಕೈಯಲ್ಲಿ ಬಟ್ಟೆ ಹಿಂಡಿದ ಹಾಗೆ ತಿರುಚಿ. ಚಟಪಟ ಮುರಿದರೆ ಸರಿ. ಹಗ್ಗದ ಹಾಗೆ ಸುತ್ತಿಕೊಂಡು ಬಗ್ಗಿದರೆ ಇನ್ನೊಂದು ದಿನ ಬಿಸಿಲು ಬೇಕು. ಇದನ್ನು ಮಧ್ಯಾಹ್ನ ಮಾಡಿ. ಬೆಳಗ್ಗೆ ಇಬ್ಬನಿಗೆ ಒಣಹುಲ್ಲೂ ಮೆತ್ತಗಿರುತ್ತದೆ.

ಮೂರನೆಯದು ಉಪ್ಪು. ಅನುಮಾನ ಇದ್ದಾಗ ಮಾತ್ರ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಗಿಣ್ಣಿರುವ ಕಡ್ಡಿಯನ್ನು ಸಣ್ಣಗೆ ಕತ್ತರಿಸಿ ಅರ್ಧ ತುಂಬಿ. ಒಂದು ಚಮಚ ಒಣ ಪುಡಿಉಪ್ಪು ಹಾಕಿ. ಮುಚ್ಚಿ ಎರಡು ನಿಮಿಷ ಕುಲುಕಿ, ಹತ್ತು ನಿಮಿಷ ಇಡಿ. ಉಪ್ಪು ಗಂಟುಗಂಟಾಗಿ ಗಾಜಿಗೆ ಅಂಟಿದರೆ ಹುಲ್ಲಲ್ಲಿ ತೇವ ಇದೆ. ಪುಡಿಪುಡಿಯಾಗಿ ಉಳಿದರೆ ಒಟ್ಟಬಹುದು.

ನೂರಕ್ಕೆ 15ರ ಒಳಗೆ ತೇವ ಇದ್ದರೆ ಹುಲ್ಲು ಸುಮ್ನೆ ಕೂತಿರುತ್ತದೆ. 20 ದಾಟಿದರೆ ಒಳಗೆ ಬೂಷ್ಟು ಬೆಳೆಯಲು ಶುರು, ಬೂಷ್ಟಿನ ಜೊತೆ ಕಾವು.

ಹುಲ್ಲು ಸ್ವಲ್ಪ ಹಸಿ ಇದ್ದರೂ ನಡುನಡುವೆ ಉಪ್ಪು ಎರಚಿದರೆ ಆಯಿತು ಅಂತ ಕೆಲವರು ಹೇಳುತ್ತಾರೆ. ಉಪ್ಪು ಹಾಕಿದರೆ ದನ ಇಷ್ಟಪಟ್ಟು ತಿನ್ನುತ್ತದೆ, ಅದು ನಿಜ. ಆದರೆ ಹಸಿ ಹುಲ್ಲನ್ನು ಉಪ್ಪು ಒಣಗಿಸಲ್ಲ.

## 5. ಸಿವುಡು ಕಟ್ಟುವುದು

ಸಿವುಡು ಅಂದರೆ ಹುಲ್ಲಿನ ಸಣ್ಣ ಕಟ್ಟು. ಹುಲ್ಲಿನದೇ ಹುರಿ ಮಾಡಿ ಕಟ್ಟುವುದಾದರೆ ಬೆಳಗಿನ ಹೊತ್ತು ಒಳ್ಳೆಯದು. ಇಬ್ಬನಿಗೆ ಮೆತ್ತಗಾದ ಕಡ್ಡಿ ಮುರಿಯಲ್ಲ, ತೆನೆಯೂ ಉದುರಲ್ಲ. ಆದರೆ ಕಟ್ಟಿದ ಸಿವುಡನ್ನು ಹಾಗೇ ಗಾಡಿಗೆ ಹಾಕಬೇಡಿ. ಇಬ್ಬನಿ ಸಿವುಡಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಹೊಲದಲ್ಲೇ ನಿಲ್ಲಿಸಿ, ಮಧ್ಯಾಹ್ನದವರೆಗೆ ಬಿಸಿಲು ಕುಡಿಯಲಿ. ಸಾಗಿಸುವುದು ಮಧ್ಯಾಹ್ನ ಮೂರರ ಮೇಲೆ.

ಸಿವುಡು ಎರಡು ಕೈಯಲ್ಲಿ ತಬ್ಬುವಷ್ಟಿದ್ದರೆ ಸಾಕು. ಕೆಲಸ ಬೇಗ ಮುಗಿಯಲಿ ಅಂತ ದೊಡ್ಡ ಹೊರೆ ಕಟ್ಟಿದರೆ ನಡು ಒಣಗುವುದೇ ಇಲ್ಲ.

## 6. ಒಕ್ಕಣೆ, ಮತ್ತು ತೆಗೆದಿಡಬೇಕಾದ ಐವತ್ತು ಸಿವುಡು

ಕೆಲವರು ತೆನೆ ಸಮೇತ ಒಟ್ಟಿ ಸಂಕ್ರಾಂತಿ ಆದ ಮೇಲೆ ಒಕ್ಕುತ್ತಾರೆ. ಹಾಗೆ ಕೂತ ತೆನೆ ಚೆನ್ನಾಗಿ ಹದವಾಗಿ ಕಾಳು ಸುಲಭಕ್ಕೆ ಬಿಡುತ್ತದೆ. ಈಗ ಯಂತ್ರ ಬಂದ ದಿನವೇ ಒಕ್ಕಿ ಮುಗಿಸುವವರು ಜಾಸ್ತಿ. ಎರಡೂ ಸರಿ. ಒಟ್ಟುವ ರೀತಿ ಒಂದೇ. ತೆನೆ ಇದ್ದರೆ ತೆನೆ ಒಳಮುಖವಾಗಿರಬೇಕು, ಅಷ್ಟೇ ವ್ಯತ್ಯಾಸ.

ಯಂತ್ರದಿಂದ ಬಂದ ಹುಲ್ಲಿನ ಬಗ್ಗೆ ಒಂದು ಮಾತು. ಯಂತ್ರ ಕಡ್ಡಿಯನ್ನು ಜಜ್ಜುತ್ತದೆ. ದನಕ್ಕೆ ಅದು ಮೆತ್ತಗೆ, ಒಳ್ಳೆಯದೇ. ಆದರೆ ಜಜ್ಜಿದ ಹುಲ್ಲು ನೀರನ್ನು ಜಾರಿಸಲ್ಲ, ಹೀರುತ್ತದೆ. ಇಡೀ ಬಣವೆಯನ್ನು ಅದರಲ್ಲೇ ಮುಗಿಸಿದರೆ ಮೊದಲ ಮಳೆಗೇ ನೀರು ಕೆಳಗಿಳಿಯುತ್ತದೆ. ಅದಕ್ಕೆ ಒಕ್ಕಣೆಗೆ ಮುಂಚೆ ಉದ್ದನೆಯ, ನೆಟ್ಟಗಿನ ಸಿವುಡು ಒಂದು ಐವತ್ತು ತೆಗೆದಿಡಿ. ತೆನೆಯನ್ನು ಕುಡುಗೋಲಲ್ಲಿ ಕೊಯ್ದು ಬೇರೆ ಬಡಿದುಕೊಳ್ಳಿ. ಆ ಇಡೀ ಕಡ್ಡಿಯ ಹುಲ್ಲು ಬಣವೆಯ ತಲೆಗೆ. ಭತ್ತದ ಉದ್ದ ಹುಲ್ಲಿದ್ದರೆ ಅದೂ ಆಗುತ್ತದೆ.

ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ. ದಯವಿಟ್ಟು. ಹುಲ್ಲಿನ ಮೇಲೆ ಬೈಕ್ ಜಾರಿ ಬಿದ್ದು ಜನ ಸಾಯುತ್ತಾರೆ. ರಾಗಿ ಹುಲ್ಲು, ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಬಿಸಿಗೆ ಬೆಂಕಿ ಹತ್ತಿದ್ದೂ ಉಂಟು. ನಮ್ಮ ಕಾಳಿಗೂ ಟಾರು, ಮರಳು ಸೇರುತ್ತದೆ. ಕಣ ಮಾಡಲು ಜಾಗ ಇಲ್ಲದಿದ್ದರೆ ಹೊಲದಲ್ಲೇ ದೊಡ್ಡ ಟಾರ್ಪಾಲು ಹಾಸಿ ಯಂತ್ರ ತರಿಸಿ.

## 7. ಒಟ್ಟುವುದು: ನಡು ತುಂಬಿರಬೇಕು

ಇಡೀ ಕೆಲಸದ ಜೀವ ಇಲ್ಲಿದೆ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ನಾನು ಹದಿನಾಲ್ಕನೇ ವಯಸ್ಸಿನಲ್ಲಿ ಮೊದಲ ಸಲ ಬಣವೆ ಮೇಲೆ ಹತ್ತಿದ್ದೆ. ಅಪ್ಪ ಕೆಳಗಿಂದ ಕವೆಗೋಲಲ್ಲಿ ಸಿವುಡು ಎಸೆಯುತ್ತಿದ್ದರು. ನಾನು ಅಂಚನ್ನು ಅಂದವಾಗಿ ಜೋಡಿಸುತ್ತಿದ್ದೆ, ಗೋಡೆ ಕಟ್ಟಿದ ಹಾಗೆ. ಅಪ್ಪ ಪದೇ ಪದೇ ಹೇಳುತ್ತಿದ್ದುದು ಒಂದೇ ಮಾತು: "ನಡು ತುಂಬ್ಸು ಮಗ, ನಡು ತುಂಬ್ಸು. ಅಂಚು ತಾನಾಗೇ ಬತ್ತದೆ." ಆಗ ಅರ್ಥ ಆಗಿರಲಿಲ್ಲ.

ವಿಷಯ ಇಷ್ಟು. ಯಾವ ಬಣವೆಯೂ ಒಟ್ಟಿದ ಎತ್ತರದಲ್ಲಿ ಉಳಿಯಲ್ಲ, ತಿಂಗಳಲ್ಲಿ ಕುಸಿಯುತ್ತದೆ. ಅಂಚು ಗಟ್ಟಿ, ನಡು ಪೊಳ್ಳು ಇದ್ದರೆ ನಡು ಜಾಸ್ತಿ ಕುಸಿದು ಬಣವೆ ತಟ್ಟೆಯಂತಾಗುತ್ತದೆ. ಆಗ ಪ್ರತಿ ಪದರದ ಕಡ್ಡಿಯೂ ಒಳಗಡೆಗೆ ಇಳಿಜಾರಾಗಿ, ಬಿದ್ದ ನೀರನ್ನೆಲ್ಲ ನಡುವಿಗೆ ಒಯ್ಯುತ್ತದೆ. ನಡು ಗಟ್ಟಿಯಿದ್ದು ಅಂಚು ಸಡಿಲ ಇದ್ದರೆ ಅಂಚು ಕುಸಿಯುತ್ತದೆ. ಕಡ್ಡಿಯೆಲ್ಲ ಹೊರಗಡೆಗೆ ಇಳಿಜಾರು. ನೀರು ಹೊರಗೆ ಜಾರಿ ಹೋಗುತ್ತದೆ. ಬಣವೆ ಉಳಿಯುವುದೂ ಕೆಡುವುದೂ ಈ ಒಂದು ಇಳಿಜಾರಿನ ಮೇಲೆ.

ಕ್ರಮ ಹೀಗೆ. ಮೊದಲು ನಡುವಿನಲ್ಲಿ ಐದಾರು ಸಿವುಡನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿ. ಅದರ ಸುತ್ತ ಸಿವುಡುಗಳನ್ನು ಬುಡ ಹೊರಗೆ, ತುದಿ ಒಳಗೆ ಇಟ್ಟು ಒಂದು ಸುತ್ತು ಹಾಕಿ. ತುದಿ ನಡುವಿನ ಮೇಲೆ ಒರಗಿರುವುದರಿಂದ ಎತ್ತರದಲ್ಲಿರುತ್ತದೆ, ಬುಡ ತಗ್ಗಿನಲ್ಲಿರುತ್ತದೆ. ಮುಂದಿನ ಸುತ್ತು ಅದರ ಅರ್ಧ ಭಾಗವನ್ನು ಮುಚ್ಚುವ ಹಾಗೆ. ಹೆಂಚು ಹೊದಿಸಿದಂತೆ ಅಂದುಕೊಳ್ಳಿ.

ಒಂದು ಪದರ ಮುಗಿದ ತಕ್ಷಣ ನಡುವಿಗೆ ಮತ್ತೆ ಹುಲ್ಲು ಹಾಕಿ ತುಳಿಯಿರಿ. ಯಾವ ಹೊತ್ತಿನಲ್ಲಿ ನಿಂತು ನೋಡಿದರೂ ನಡು ಅಂಚಿಗಿಂತ ಒಂದು ಮೊಳ ಎತ್ತರ ಇರಬೇಕು. ಅಂಚಿನ ಮೇಲೆ ಓಡಾಡಬೇಡಿ, ತುಳಿಯುವುದೆಲ್ಲ ನಡುವಿನಲ್ಲಿ. ಬೀಳುವ ಭಯವೂ ಕಡಿಮೆ.

ಅಗಲ 8ರಿಂದ 10 ಅಡಿ ಇದ್ದರೆ ಸಾಕು. ಹುಲ್ಲು ಜಾಸ್ತಿ ಇದ್ದರೆ ಉದ್ದ ಮಾಡಿ, ಇಲ್ಲ ಎರಡು ಬಣವೆ ಹಾಕಿ. ಅಗಲ ಜಾಸ್ತಿಯಾದಷ್ಟೂ ಒಳಗಿನ ಕಾವು ಹೊರಬರಲು ದಾರಿ ದೂರ. ಎರಡು ಬಣವೆ ಇದ್ದರೆ ಬೆಂಕಿಗೆ ಒಂದಾದರೂ ಉಳಿಯುತ್ತದೆ, ನಡುವೆ 30 ಅಡಿಯಾದರೂ ಬಿಡಿ.

ಮೇಲೆ ಹೋದಂತೆ ಪ್ರತಿ ಸುತ್ತನ್ನೂ ಎರಡು ಬೆರಳು ಹೊರಗೆ ಚಾಚಿ. ಆಳುದ್ದ ಬರುವ ಹೊತ್ತಿಗೆ ಬಣವೆಗೆ ಸ್ವಲ್ಪ ಹೊಟ್ಟೆ ಬಂದಿರಬೇಕು. ಆಗ ಮೇಲಿಂದ ತೊಟ್ಟಿಕ್ಕುವ ನೀರು ಗೋಡೆಗೆ ತಾಗದೆ ನೇರವಾಗಿ ಚರಂಡಿಗೆ ಬೀಳುತ್ತದೆ. ಅಲ್ಲಿಂದ ಮೇಲಕ್ಕೆ ಒಳಗೆ ತೆಗೆದುಕೊಳ್ಳುತ್ತಾ ಗೋಪುರದಂತೆ ಮುಗಿಸಿ.

ನಡುನಡುವೆ ಕೆಳಗಿಳಿದು ಹತ್ತು ಮಾರು ದೂರ ನಿಂತು ನೋಡಿ. ಒಂದು ಕಡೆ ವಾಲಿದ್ದರೆ ಆಗಲೇ ಸರಿಮಾಡಿ. ಮೇಲೆ ನಿಂತವರಿಗೆ ವಾಲಿದ್ದು ಕಾಣಲ್ಲ. ಆಮೇಲೆ ಬಿದಿರು ಒರಗಿಸಿ ನಿಲ್ಲಿಸಬಹುದು, ಆದರೆ ಒಳಗಿನ ಇಳಿಜಾರು ಆಗಲೇ ಕೆಟ್ಟಿರುತ್ತದೆ.

ಒಂದೇ ದಿನದಲ್ಲಿ ಮುಗಿಯದಿದ್ದರೆ? ಸಂಜೆ ನಾಲ್ಕೂವರೆಗೆ ನಿಲ್ಲಿಸಿ, ನಡುವನ್ನು ಎತ್ತರ ಮಾಡಿ, ಟಾರ್ಪಾಲು ಮುಚ್ಚಿ. ಬೆಳಗ್ಗೆ ಟಾರ್ಪಾಲು ತೆಗೆದು ಇಬ್ಬನಿ ಆರುವವರೆಗೆ, ಅಂದರೆ ಹತ್ತು ಗಂಟೆಯವರೆಗೆ, ಒಂದು ಕಡ್ಡಿಯನ್ನೂ ಮೇಲೆ ಹಾಕಬೇಡಿ.

## 8. ತಲೆ ಹೊದಿಸುವುದು

ತೆಗೆದಿಟ್ಟ ಐವತ್ತು ಸಿವುಡು ಈಗ ಬೇಕು. ಕಟ್ಟು ಬಿಚ್ಚಿ, ಕಡ್ಡಿ ಕೆಳಮುಖವಾಗಿ ಇಳಿಯುವಂತೆ, ಕೆಳಗಿನ ಅಂಚಿನಿಂದ ಶುರುಮಾಡಿ ಮೇಲಕ್ಕೆ ಹೊದಿಸುತ್ತಾ ಹೋಗಿ. ಒಂದು ಗೇಣು ದಪ್ಪ ಇರಲಿ. ಆಮೇಲೆ ತಲೆ ಬಾಚಿದ ಹಾಗೆ ಮೇಲಿಂದ ಕೆಳಕ್ಕೆ ಕೈಯಾಡಿಸಿ. ಅಡ್ಡ ಬಿದ್ದ ಕಡ್ಡಿಗಳು ಉದುರುತ್ತವೆ, ಉಳಿದವು ನೆಟ್ಟಗಾಗುತ್ತವೆ. ಅಡ್ಡ ಬಿದ್ದ ಒಂದೊಂದು ಕಡ್ಡಿಯೂ ಮಳೆನೀರಿಗೆ ತಡೆ.

ತುದಿಯಲ್ಲಿ ಒಂದು ಸಿವುಡನ್ನು ಬಿಗಿಯಾಗಿ ಕಟ್ಟಿ ಟೋಪಿಯಂತೆ ಕೂರಿಸಿ. ಹಗ್ಗವನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಇಳಿಬಿಟ್ಟು ಎರಡು ತುದಿಗೂ ಕಲ್ಲು ಕಟ್ಟಿ. ಗೂಟಕ್ಕೆ ಬಿಗಿದು ಕಟ್ಟುವುದಕ್ಕಿಂತ ತೂಗುವ ಕಲ್ಲು ಒಳ್ಳೆಯದು. ಬಣವೆ ಕುಸಿದಾಗ ಕಲ್ಲು ತಾನೂ ಇಳಿಯುತ್ತದೆ, ಹಗ್ಗ ಸಡಿಲ ಆಗಲ್ಲ.

## 9. ಮೊದಲ ಮೂರು ವಾರ: ಹಾರೆ ಹಾಕಿ ನೋಡಿ

ಒಟ್ಟಿ ಮುಗಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ. ಹುಲ್ಲು ಕಾವೇರುವುದು ಈ ಮೂರು ವಾರದಲ್ಲೇ.

ಹಾರೆಯನ್ನು ಆಳುದ್ದದ ಎತ್ತರದಲ್ಲಿ ಬಣವೆಯ ನಡುವಿನವರೆಗೆ ಚುಚ್ಚಿ ಅರ್ಧ ಗಂಟೆ ಬಿಡಿ. ಎಳೆದು, ಒಳಗಿದ್ದ ತುದಿಯನ್ನು ಮೊದಲು ಕೈಹಿಂಬದಿಗೆ ತಾಗಿಸಿ, ಆಮೇಲೆ ಹಿಡಿದು ನೋಡಿ. ತಣ್ಣಗಿದ್ದರೆ ಅಥವಾ ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ, ಎರಡು ದಿನ ಬಿಟ್ಟು ಮತ್ತೆ ನೋಡಿ. ಬಿಸಿ ಅನ್ನಿಸಿದರೂ ಹಿಡಿದುಕೊಳ್ಳಲು ಆದರೆ ದಿನಕ್ಕೆ ಎರಡು ಸಲ ನೋಡಬೇಕು. ಹಿಡಿಯಲು ಆಗದೆ ಕೈ ಹಿಂದಕ್ಕೆ ಬಂದರೆ ಒಳಗೆ 60 ಡಿಗ್ರಿ ದಾಟಿರಬಹುದು. ಅದು ಅಪಾಯ.

ಹಾರೆ ಇಲ್ಲದೆಯೂ ಕಾಣುವ ಗುರುತುಗಳಿವೆ. ಚಳಿಯ ಬೆಳಗ್ಗೆ ಆರೂವರೆಗೆ ಹೋಗಿ ನೋಡಿ. ಬಣವೆಯ ಮೇಲೆಲ್ಲ ಇಬ್ಬನಿ ಬಿಳಿಯಾಗಿ ಕೂತಿರುತ್ತದೆ. ಒಂದು ಕಡೆ ಮಾತ್ರ ಇಬ್ಬನಿ ಇಲ್ಲದೆ ಹುಲ್ಲು ಬಣ್ಣ ಬಿಟ್ಟಿದ್ದರೆ ಅದರ ಕೆಳಗೆ ಕಾವಿದೆ. ತಲೆಯಿಂದ ಹಬೆ ಏಳುವುದು, ಬೆಲ್ಲ ಕಾಯಿಸಿದಂಥ ಅಥವಾ ಹೊಗೆಸೊಪ್ಪಿನಂಥ ವಾಸನೆ, ತಲೆಯ ಒಂದು ಭಾಗ ಇದ್ದಕ್ಕಿದ್ದಂತೆ ಕುಸಿಯುವುದು, ಇವು ಇನ್ನೂ ಜೋರಾದ ಎಚ್ಚರಿಕೆ.

ಬಿಸಿ ಇದ್ದರೂ ಹಾರೆ ಹಿಡಿಯಲು ಆಗುವ ಹಂತದಲ್ಲೇ ಗೊತ್ತಾದರೆ ಬಿಸಿಲಿರುವ ದಿನ ಬಣವೆ ಬಿಚ್ಚಿ, ಹರಡಿ, ಒಣಗಿಸಿ, ಮತ್ತೆ ಒಟ್ಟಿ. ಎರಡು ದಿನದ ಕೂಲಿ ಹೋಗುತ್ತದೆ, ಹುಲ್ಲು ಉಳಿಯುತ್ತದೆ.

ಕೈ ಸುಡುವಷ್ಟು ಬಿಸಿ ಇದ್ದರೆ ಒಬ್ಬರೇ ಬಿಚ್ಚಲು ಹೋಗಬೇಡಿ. ಒಳಗೆ ಗಾಳಿ ನುಗ್ಗಿದ ಕೂಡಲೇ ಭಗ್ಗೆಂದು ಹತ್ತಿಕೊಳ್ಳಬಹುದು. ಮೇಲೆ ಹತ್ತಲೇಬೇಡಿ, ಒಳಗೆ ಉರಿದು ಟೊಳ್ಳಾಗಿದ್ದರೆ ಕಾಲು ಕುಸಿಯುತ್ತದೆ. ದನಗಳನ್ನು ದೂರ ಕಟ್ಟಿ, 112ಕ್ಕೆ ಕರೆ ಮಾಡಿ ಅಗ್ನಿಶಾಮಕದವರನ್ನು ಕರೆಸಿ. ಮೋಟಾರು, ಪೈಪು, ಜನ ಸಿದ್ಧವಿದ್ದ ಮೇಲೆಯೇ ಬಣವೆಗೆ ಕೈ ಹಾಕಬೇಕು.

ಬೇಲರ್ ಯಂತ್ರದಲ್ಲಿ ರೋಲ್ ಕಟ್ಟಿಸಿದವರಿಗೆ ಈ ಮಾತು ಇನ್ನೂ ಜಾಸ್ತಿ ಅನ್ವಯ. ಒತ್ತಿ ಕಟ್ಟಿದ ರೋಲಿನೊಳಗೆ ಗಾಳಿಯೇ ಆಡಲ್ಲ. ಕಟ್ಟಿದ ಮೇಲೆ ಮೂರು ವಾರ ಬಿಡಿಬಿಡಿಯಾಗಿ ಇಟ್ಟು, ಆಮೇಲೆ ಕೊಟ್ಟಿಗೆ ಅಟ್ಟಕ್ಕೆ ಸೇರಿಸಿ.

## 10. ಟಾರ್ಪಾಲು ಎಲ್ಲಿವರೆಗೆ?

2021ರಲ್ಲಿ ನಾನೇ ಈ ತಪ್ಪು ಮಾಡಿದೆ. ಮಳೆ ನಿಲ್ಲುತ್ತಲೇ ಇರಲಿಲ್ಲ. ಹೆದರಿ ಇಡೀ ಬಣವೆಗೆ ಟಾರ್ಪಾಲು ಸುತ್ತಿ, ನೆಲದಲ್ಲಿ ಕಲ್ಲು ಹೇರಿ, ಒಂದೂವರೆ ತಿಂಗಳು ಹಾಗೇ ಬಿಟ್ಟೆ. ಬಿಚ್ಚಿದಾಗ ಟಾರ್ಪಾಲಿನ ಒಳಮೈ ತುಂಬ ನೀರಿನ ಹನಿ. ಹೊರಗಿನ ಒಂದು ಹನಿ ಮಳೆಯೂ ಒಳಗೆ ಹೋಗಿರಲಿಲ್ಲ. ಹುಲ್ಲಿನದೇ ತೇವ ಮೇಲೆದ್ದು, ರಾತ್ರಿಯ ಚಳಿಗೆ ಟಾರ್ಪಾಲಿಗೆ ತಾಗಿ ನೀರಾಗಿ, ಮತ್ತೆ ಹುಲ್ಲಿಗೇ ಇಳಿದಿತ್ತು. ಎರಡು ಅಡಿ ಆಳದವರೆಗೆ ಕಪ್ಪು. ಆ ಬೇಸಿಗೆಯಲ್ಲಿ ಒಂದು ಹಸು ಮಾರಬೇಕಾಯಿತು.

ಟಾರ್ಪಾಲು ತಲೆಗೆ ಮಾತ್ರ. ಹೊಟ್ಟೆಯಿಂದ ಕೆಳಗೆ ಇಳಿಯಬಾರದು. ಹುಲ್ಲಿಗೂ ಟಾರ್ಪಾಲಿಗೂ ನಡುವೆ ಎರಡು ಬಿದಿರು ಅಡ್ಡ ಇಟ್ಟರೆ ಗಾಳಿಗೆ ಸಂದಿ ಸಿಗುತ್ತದೆ. ಮೊದಲ ಹತ್ತು ದಿನ ಮಳೆ ಬಂದಾಗ ಮಾತ್ರ ಹಾಕಿ, ಬಿಸಿಲು ಬಂದ ಕೂಡಲೇ ತೆಗೆಯಿರಿ. ತಲೆ ಚೆನ್ನಾಗಿ ಹೊದಿಸಿದ್ದರೆ ಸಣ್ಣಪುಟ್ಟ ಮಳೆಗೆ ಟಾರ್ಪಾಲು ಬೇಕಾಗಿಯೇ ಇಲ್ಲ.

## 11. ಇಲಿ, ಹಾವು

ಬಣವೆಗೆ ಇಲಿ ಬಂದರೆ ಇಲಿಯ ಹಿಂದೆ ಹಾವು ಬರುತ್ತದೆ. ನಾಗರ, ಕೊಳಕುಮಂಡಲ ಎರಡೂ. ಸುತ್ತಲೂ ನಾಲ್ಕು ಅಡಿ ಕಳೆ ಕೆತ್ತಿ ಬಯಲು ಮಾಡಿ, ಮರದ ತುಂಡು, ಹಳೇ ಹೆಂಚು ರಾಶಿ ಹಾಕಬೇಡಿ.

ಹುಲ್ಲಿಗೆ ನೇರವಾಗಿ ಕೈ ಹಾಕುವ ಅಭ್ಯಾಸ ಬಿಡಿ. ಕವೆಗೋಲಲ್ಲಿ ಎರಡು ಸಲ ತಟ್ಟಿ, ಎಳೆದು, ಆಮೇಲೆ ಕೈ. ಕತ್ತಲಲ್ಲಿ ಬ್ಯಾಟರಿ ಇಲ್ಲದೆ ಹೋಗಬೇಡಿ, ಕಾಲಿಗೆ ಬೂಟು ಇರಲಿ. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು, ನಾಟಿ ಔಷಧಿಗೆ ಓಡುವುದು ಯಾವುದೂ ಬೇಡ. ಕೈಕಾಲು ಅಲುಗಾಡಿಸದೆ ಮಲಗಿಸಿ, 108 ಕರೆದು, ವಿಷಕ್ಕೆ ಚುಚ್ಚುಮದ್ದು ಇರುವ ಸರ್ಕಾರಿ ಆಸ್ಪತ್ರೆಗೆ ನೇರ ಹೋಗಿ.

## 12. ಹಿರಿಯುವುದು

ಗಾಳಿ, ಎರಚಲು ಹೊಡೆಯದ ಪಡುವಲ ಬದಿಯಿಂದ ಶುರುಮಾಡಿ. ಅನೇಕರು ಕೈಗೆ ಎಟುಕುವ ಜಾಗದಲ್ಲಿ ಗುಹೆ ಕೊರೆಯುತ್ತಾ ಹೋಗುತ್ತಾರೆ. ಮೇಲಿನ ಭಾರ ಒಂದು ದಿನ ಕುಸಿಯುತ್ತದೆ. ಆ ಗುಹೆಯಲ್ಲಿ ಮಕ್ಕಳು ಆಡುತ್ತಿರುತ್ತಾರೆ ಅನ್ನುವುದನ್ನು ಮರೆಯಬೇಡಿ. ಮೇಲಿಂದ ಕೆಳಗೆ, ರೊಟ್ಟಿ ಮುರಿದಂತೆ ಒಂದು ಬದಿಯನ್ನು ನೆಟ್ಟಗೆ ಇಳಿಸುತ್ತಾ ಬನ್ನಿ. ಮೇಲ್ಭಾಗದ ಹೊದಿಕೆಯನ್ನು ಆ ದಿನಕ್ಕೆ ಬೇಕಾದಷ್ಟೇ ಸರಿಸಿ.

ಹಿರಿದ ಹುಲ್ಲನ್ನು ಕೊಟ್ಟಿಗೆಗೆ ಒಯ್ಯುವ ಮುಂಚೆ ಒಮ್ಮೆ ಕೊಡವಿ. ಒಳ್ಳೆ ಹುಲ್ಲಿಂದ ಮಣ್ಣಿನ ಧೂಳು ಉದುರಿ ಕೆಳಗೆ ಬೀಳುತ್ತದೆ. ಬೂಷ್ಟಿನ ಧೂಳು ಹೊಗೆಯಂತೆ ಮೇಲೇಳುತ್ತದೆ, ಮೂಗಿಗೆ ಘಾಟು. ಅಂಥದ್ದನ್ನು ಒಳ್ಳೆಯದರ ಜೊತೆ ಬೆರೆಸಿ ಹಾಕೋಣ ಅನ್ನುವ ಆಸೆ ಬೇಡ. ಬೂಷ್ಟಿನ ವಿಷಕ್ಕೆ ಹಾಲು ಇಳಿಯುತ್ತದೆ, ಗಬ್ಬದ ಹಸು ಕಂದು ಹಾಕಬಹುದು. ಕೊಡವುವ ನಿಮಗೂ ಕೆಮ್ಮು, ಉಬ್ಬಸ ಬರುತ್ತದೆ. ಮೂಗಿಗೆ ಟವೆಲ್ ಕಟ್ಟಿಕೊಳ್ಳಿ. ಕೆಟ್ಟ ಹುಲ್ಲನ್ನು ದನದ ಕಾಲಡಿಗೂ ಹಾಸದೆ ನೇರ ತಿಪ್ಪೆಗೆ ಹಾಕಿ, ಮೇಲೆ ಸಗಣಿ ನೀರು ಸುರಿಯಿರಿ.

ಜೂನ್ ಹೊತ್ತಿಗೆ ತಳದ ತೊಗರಿ ಕಟ್ಟಿಗೆ ಕಾಣಿಸುತ್ತದೆ. ಅದನ್ನು ಒಲೆಗೆ ಹಾಕಿ, ಕಲ್ಲನ್ನು ಅಲ್ಲೇ ಬಿಡಿ. ಚರಂಡಿಯಲ್ಲಿ ತುಂಬಿದ ಮಣ್ಣನ್ನು ಮುಂಗಾರು ಹಿಡಿಯುವ ಮುಂಚೆ ಎತ್ತಿ ಹಾಕಿದರೆ ನವೆಂಬರ್‌ಗೆ ತಳ ಸಿದ್ಧವಾಗಿರುತ್ತದೆ.